ಒಬ್ಬರೇ ಬಳಸುವ ಗಣಕಕ್ಕೆ ಕಾವಲು ಏಕೆ?

ಮನೆಯಲ್ಲಿ ಒಬ್ಬರೇ ಬಳಸುವ ಗಣಕವು ತೆರೆದೊಡನೆ ನಮ್ಮ ಪಾಸ್‌ವರ್ಡನ್ನು ಕೇಳುತ್ತದೆ. ಹೊಸದೊಂದು ತಂತ್ರಾಂಶವನ್ನು ಅದರಲ್ಲಿ ಹಾಕಿಕೊಳ್ಳಲು ಹೊರಟರೆ, ಪರದೆಯೆಲ್ಲ ಮಬ್ಬಾಗಿ, ಈ ತಂತ್ರಾಂಶವು ನಿಮ್ಮ ಯಂತ್ರದಲ್ಲಿ ಬದಲಾವಣೆ ಮಾಡುವುದಕ್ಕೆ ನಿಮ್ಮ ಸಮ್ಮತಿಯುಂಟೆ ಎಂಬ ಪ್ರಶ್ನೆಯೊಂದು ನಡುವೆ ಮೂಡಿ ನಿಲ್ಲುತ್ತದೆ. ಹಣ ತೆತ್ತು ಯಂತ್ರವನ್ನು ಕೊಂಡವರು ನಾವು. ಅದರ ಮುಂದೆ ಕುಳಿತವರು ನಾವು. ಕೆಲಸವನ್ನು ವಿಧಿಸಿದವರೂ ನಾವೇ. ಹೀಗಿರಲಾಗಿ ಈ ಯಂತ್ರವು ಯಾರ ಮೇಲೆ ಸಂಶಯಪಟ್ಟು, ಯಾರನ್ನು ಯಾರಿಂದ ಕಾಪಾಡುವುದಕ್ಕೋಸ್ಕರ, ನಮ್ಮ ಸಮ್ಮತಿಯನ್ನು ನಮ್ಮಿಂದಲೇ ಬೇಡುತ್ತಿದೆ?

ಬ್ಯಾಂಕಿನ ಕೇಂದ್ರ ಗಣಕದಲ್ಲಿ, ರೈಲ್ವೆಯ ಟಿಕೆಟಿನ ವ್ಯವಸ್ಥೆಯಲ್ಲಿ, ವಿಶ್ವವಿದ್ಯಾನಿಲಯದ ಯಂತ್ರಾಗಾರದಲ್ಲಿ ಸಾವಿರಾರು ಜನ ಏಕಕಾಲಕ್ಕೆ ವ್ಯವಹರಿಸುತ್ತಾರೆ. ಅಲ್ಲಿ ಇಂಥ ಸಂಶಯವು ಯುಕ್ತವೆಂದು ಎಲ್ಲರೂ ಒಪ್ಪುವರು. ಮನೆಯ ಯಂತ್ರದ ವಿಷಯದಲ್ಲಿ ಮಾತ್ರ ಅಭಿಪ್ರಾಯಗಳು ಎರಡಾಗುತ್ತವೆ. ಇದೆಲ್ಲ ಅನಾವಶ್ಯಕವಾದ ಉಪದ್ರವವೆಂದು ಕೆಲವರು ಪಾಸ್‌ವರ್ಡನ್ನೇ ತೆಗೆದುಹಾಕಿ ನಿಶ್ಚಿಂತರಾಗುತ್ತಾರೆ. ರಕ್ಷಣೆ ಎಷ್ಟಿದ್ದರೂ ಹೆಚ್ಚಲ್ಲವೆಂದು ಮತ್ತೆ ಕೆಲವರು ಕಚೇರಿಯ ನಿಯಮಗಳನ್ನೆಲ್ಲ ಹಾಗೆಯೇ ಮನೆಗೆ ತರುತ್ತಾರೆ. ಇವೆರಡರಲ್ಲಿ ಯಾವುದೂ ಪೂರ್ತಿ ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣವನ್ನು ಕಾಣಬೇಕಾದರೆ ಗಣಕಕ್ಕೆ ಕಾವಲು ಮೊದಲು ಬಂದದ್ದು ಎಲ್ಲಿ, ಯಾರಿಗೋಸ್ಕರ ಎಂಬುದನ್ನು ವಿಚಾರಿಸಬೇಕು.

ಪಾಸ್‌ವರ್ಡ್ ಹುಟ್ಟಿದ ಸಂದರ್ಭ

ಗಣಕಗಳು ಕೋಣೆಯಷ್ಟು ದೊಡ್ಡದಾಗಿ, ಅರಸನ ಬೊಕ್ಕಸವೇ ಬೇಕೆನ್ನುವಷ್ಟು ದುಬಾರಿಯಾಗಿದ್ದ ಕಾಲದಲ್ಲಿ, ಒಬ್ಬನ ಕೆಲಸ ಮುಗಿಯುವವರೆಗೆ ಮತ್ತೊಬ್ಬನು ರಂಧ್ರ ಕೊರೆದ ಕಾರ್ಡುಗಳ ಕಟ್ಟನ್ನು ಹಿಡಿದು ಕಾಯಬೇಕಾಗಿತ್ತು. ಈ ಕಷ್ಟವನ್ನು ನೀಗಿಸಲು ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೋ ಕಾರ್ಬಟೋ ಮತ್ತು ಅವರ ಸಂಗಡಿಗರು, ಒಂದೇ ಯಂತ್ರವು ಕ್ಷಣಾಂಶ ಒಬ್ಬನಿಗೆ, ಮುಂದಿನ ಕ್ಷಣಾಂಶ ಮತ್ತೊಬ್ಬನಿಗೆ ಎಂದು ಸರದಿಯ ಮೇಲೆ ದುಡಿಯುವಂತೆ ಮಾಡಿದರು. 1961ರ ನವೆಂಬರಿನಲ್ಲಿ ಮೊದಲು ಪ್ರದರ್ಶಿತವಾದ ಈ ಕಾಲಹಂಚಿಕೆಯ ವ್ಯವಸ್ಥೆಯಲ್ಲಿ, ಯಂತ್ರದ ವೇಗವು ಮನುಷ್ಯನ ವೇಗವನ್ನು ಬಹುದೂರ ಮೀರಿದ್ದುದರಿಂದ, ಪ್ರತಿಯೊಬ್ಬನಿಗೂ ಇಡೀ ಯಂತ್ರ ತನ್ನದೊಬ್ಬನದೇ ಎಂಬ ಭಾವನೆ ಬರುತ್ತಿತ್ತು.

ಆದರೆ ಯಂತ್ರ ಒಬ್ಬನದಾಗಿರಲಿಲ್ಲ. ಒಬ್ಬನ ಲೆಕ್ಕಾಚಾರವು ದಾರಿತಪ್ಪಿ ಇನ್ನೊಬ್ಬನ ಲೆಕ್ಕವಿರುವ ಸ್ಮೃತಿಭಾಗವನ್ನು ತುಳಿಯಬಹುದು. ಒಬ್ಬನು ಇನ್ನೊಬ್ಬನ ಕಡತವನ್ನು ತೆರೆದು ಓದಬಹುದು. ಮೊದಲನೆಯದಕ್ಕೆ ಪರಿಹಾರವಾಗಿ ಸ್ಮೃತಿಯ ಎಲ್ಲೆಯನ್ನು ಕಾಯುವ ವಿಶೇಷ ಅಂಗಗಳನ್ನು ಯಂತ್ರದೊಳಗೇ ಜೋಡಿಸಿದರು. ಎರಡನೆಯದಕ್ಕೆ ಪಾಸ್‌ವರ್ಡನ್ನು ತಂದರು. ಹೀಗೆ ಎರಡು ಕಾವಲುಗಳೂ ಮನುಷ್ಯರ ನಡುವೆ ಹುಟ್ಟಿದವು. ಒಂದೇ ವರ್ಷದಲ್ಲಿ ಆ ಕಾವಲನ್ನು ದಾಟಿದವರೂ ಹುಟ್ಟಿದರು: ತಮ್ಮ ಪಾಲಿಗೆ ಬಂದ ಗಣಕದ ಸಮಯ ಸಾಲದೆಹೋದ ಆಲನ್ ಷೆರ್ ಎಂಬ ಸಂಶೋಧಕ ವಿದ್ಯಾರ್ಥಿಯು, 1962ರಲ್ಲಿ, ಪಾಸ್‌ವರ್ಡುಗಳಿದ್ದ ಕಡತವನ್ನೇ ಮುದ್ರಿಸಿ ಕೊಡುವಂತೆ ಯಂತ್ರಕ್ಕೆ ಕಾರ್ಡಿನ ಮೂಲಕ ಕೋರಿಕೆ ಸಲ್ಲಿಸಿ, ಇತರರ ಹೆಸರಿನಲ್ಲಿ ಕೆಲಸ ಮುಂದುವರಿಸಿದರು.

ಅದೇ ವ್ಯವಸ್ಥೆಯಲ್ಲಿ ಕೆಲವು ವರ್ಷಗಳ ಬಳಿಕ ನಡೆದ ಮತ್ತೊಂದು ಘಟನೆ ನಮ್ಮ ವಿಚಾರಕ್ಕೆ ಇನ್ನೂ ಹತ್ತಿರವಾದದ್ದು. ಒಂದು ಮಧ್ಯಾಹ್ನ, ಯಂತ್ರದೊಳಕ್ಕೆ ಪ್ರವೇಶಿಸಿದ ಪ್ರತಿಯೊಬ್ಬನ ಎದುರಿಗೂ, ಆ ದಿನದ ಸೂಚನೆಗೆ ಬದಲಾಗಿ, ಎಲ್ಲರ ಹೆಸರು ಮತ್ತು ಪಾಸ್‌ವರ್ಡುಗಳ ಪಟ್ಟಿಯು ಸಾಲುಸಾಲಾಗಿ ಅಚ್ಚಾಗತೊಡಗಿತು. ಯಾರೂ ಕನ್ನ ಹಾಕಿರಲಿಲ್ಲ. ಬರೆಹಗಳನ್ನು ತಿದ್ದುವ ತಂತ್ರಾಂಶವು, ತಿದ್ದುತ್ತಿರುವ ಬರೆಹವನ್ನು ಒಂದು ನಿಯತವಾದ ಹೆಸರಿನ ತಾತ್ಕಾಲಿಕ ಕಡತದಲ್ಲಿ ಇರಿಸುತ್ತಿತ್ತು. ಒಂದು ಕಡತಕೋಶದಲ್ಲಿ ಒಂದು ವೇಳೆಗೆ ಒಬ್ಬನೇ ಕೆಲಸ ಮಾಡುವನೆಂದು ಅದನ್ನು ರಚಿಸಿದವರು ಊಹಿಸಿದ್ದರು. ಆ ದಿನ ವ್ಯವಸ್ಥಾಪಕರು ಇಬ್ಬರಿದ್ದರು. ಒಬ್ಬನು ದಿನದ ಸೂಚನೆಯನ್ನೂ ಮತ್ತೊಬ್ಬನು ಪಾಸ್‌ವರ್ಡುಗಳ ಪಟ್ಟಿಯನ್ನೂ ಏಕಕಾಲಕ್ಕೆ ತಿದ್ದಿದ ಕಾರಣ ಎರಡು ಕಡತಗಳು ಅದಲುಬದಲಾದವು. ಈ ವೃತ್ತಾಂತವನ್ನು ಕಾರ್ಬಟೋ ಅವರೇ ತಮ್ಮ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಹೇಳಿದ್ದಾರೆ. ‘ಇಲ್ಲಿ ಒಬ್ಬನೇ ಇರುವನು’ ಎಂಬ ಊಹೆಯ ಮೇಲೆ ಕಟ್ಟಿದ ನಿರ್ಮಾಣವು ಎರಡನೆಯವನು ಬಂದ ಗಳಿಗೆಯಲ್ಲಿ ಹೇಗೆ ಕುಸಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾನು ಕಾಣೆ. ಮನೆಯ ಗಣಕದ ಚರಿತ್ರೆಯೆಲ್ಲವೂ ಇದೇ ಊಹೆಯ ಚರಿತ್ರೆ.

ಎರಡನೆಯವನಿಲ್ಲದ ಯಂತ್ರ

1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಮ್ಸನ್ ಮತ್ತು ಡೆನಿಸ್ ರಿಚಿ ಆರಂಭಿಸಿದ ಯುನಿಕ್ಸ್, ಕಾಲಹಂಚಿಕೆಯ ಈ ಅನುಭವವನ್ನು ಒಂದು ಸರಳ ಕ್ರಮಕ್ಕೆ ತಂದಿತು. ಪ್ರತಿಯೊಬ್ಬ ಬಳಕೆದಾರನಿಗೂ ಒಂದು ಸಂಖ್ಯೆ. ಪ್ರತಿಯೊಂದು ಕಡತಕ್ಕೂ ಒಬ್ಬ ಒಡೆಯ. ಒಡೆಯನು, ಅವನ ಗುಂಪಿನವರು, ಉಳಿದವರು ಇವರಲ್ಲಿ ಯಾರು ಆ ಕಡತವನ್ನು ಓದಬಹುದು, ಯಾರು ತಿದ್ದಬಹುದು ಎಂಬ ಗುರುತು ಕಡತದೊಂದಿಗೇ ಇರುವುದು. ಸೊನ್ನೆ ಎಂಬ ಸಂಖ್ಯೆಯ ಬಳಕೆದಾರನು ವ್ಯವಸ್ಥಾಪಕ. ಅವನಿಗೆ ಈ ಕಟ್ಟುಪಾಡುಗಳು ಅನ್ವಯಿಸವು.

ಇದಾದ ಹನ್ನೆರಡು ವರ್ಷಕ್ಕೆ, 1981ರ ಆಗಸ್ಟಿನಲ್ಲಿ ಬಂದ ಐಬಿಎಂ ಪಿಸಿಯಲ್ಲಿ ಇವು ಯಾವುವೂ ಇರಲಿಲ್ಲ. ಅದರೊಳಗಿನ ಡಾಸ್ ವ್ಯವಸ್ಥೆಗೆ ಬಳಕೆದಾರನೆಂಬ ಕಲ್ಪನೆಯೇ ಇಲ್ಲ. ಅಲ್ಲಿ ನಡೆಯುವ ಯಾವ ತಂತ್ರಾಂಶವಾದರೂ ಸ್ಮೃತಿಯ ಯಾವ ಮೂಲೆಯನ್ನಾದರೂ, ಡಿಸ್ಕಿನ ಯಾವ ಭಾಗವನ್ನಾದರೂ ಮುಟ್ಟಬಹುದಾಗಿತ್ತು. ಇದನ್ನು ಅಂದಿನವರ ಅಜ್ಞಾನವೆಂದು ತಳ್ಳುವುದು ಅನ್ಯಾಯವಾದೀತು. ಮೇಜಿನ ಮೇಲೆ ಒಂಟಿಯಾಗಿ ಕುಳಿತ, ಯಾವ ತಂತಿಯಿಂದಲೂ ಹೊರಗಿನ ಲೋಕಕ್ಕೆ ಸೇರದ, ಒಬ್ಬನ ಬೆರಳಿಗೆ ಮಾತ್ರ ಓಗೊಡುವ ಯಂತ್ರದಲ್ಲಿ ಮನುಷ್ಯನನ್ನು ಮನುಷ್ಯನಿಂದ ಕಾಯುವ ಪ್ರಸಂಗವೆಲ್ಲಿ ಬಂದೀತು? ಅಲ್ಪವಾದ ಸ್ಮೃತಿಯನ್ನೂ ವೇಗವನ್ನೂ ಕಾವಲಿಗಾಗಿ ವ್ಯಯಿಸದೆ ಒಡೆಯನ ಕೆಲಸಕ್ಕೇ ಬಿಟ್ಟುಕೊಟ್ಟದ್ದು ವಿವೇಕದ ನಿರ್ಣಯವೇ ಆಗಿತ್ತು.

ಅದನ್ನು ಸುಳ್ಳುಮಾಡಿದ್ದು ಫ್ಲಾಪಿ. 1982ರಲ್ಲಿಯೇ ಅಮೆರಿಕದ ಶಾಲಾ ಬಾಲಕನೊಬ್ಬನು ರಚಿಸಿದ ಎಲ್ಕ್ ಕ್ಲೋನರ್ ಎಂಬ ತಂತ್ರಾಂಶವು ಆ್ಯಪಲ್ ಗಣಕಗಳಲ್ಲಿ ಫ್ಲಾಪಿಯಿಂದ ಫ್ಲಾಪಿಗೆ ತಾನಾಗಿಯೇ ಹರಡಿತು. 1986ರಲ್ಲಿ ಲಾಹೋರಿನಿಂದ ಹೊರಟ ಬ್ರೇನ್ ಎಂಬ ವೈರಸ್ಸು ಪಿಸಿಗಳನ್ನು ಹೊಕ್ಕಿತು. ಫ್ಲಾಪಿಯ ಮೊದಲ ಭಾಗದಲ್ಲಿ ಯಂತ್ರವನ್ನು ಎಬ್ಬಿಸುವ ಆಜ್ಞೆಗಳಿರುತ್ತವೆ. ಬ್ರೇನ್ ಆ ಜಾಗದಲ್ಲಿ ತಾನು ಕುಳಿತು, ಯಂತ್ರ ಎದ್ದೊಡನೆ ಸ್ಮೃತಿಯೊಳಗೆ ನೆಲೆಸಿ, ಅನಂತರ ಹಾಕಿದ ಫ್ಲಾಪಿಗಳಿಗೂ ತನ್ನ ಪ್ರತಿಯನ್ನು ಬರೆಯುತ್ತಿತ್ತು. ಯಂತ್ರದ ಮುಂದೆ ಈಗಲೂ ಒಬ್ಬನೇ ಕುಳಿತಿದ್ದ. ಆದರೆ ಒಳಗೆ ನಡೆಯುತ್ತಿದ್ದ ಆಜ್ಞೆಗಳು ಅವನದಾಗಿರಲಿಲ್ಲ. ಎರಡನೆಯವನು ಸಶರೀರನಾಗಿ ಬರಬೇಕಾಗಿಲ್ಲ, ಅವನ ಆಜ್ಞೆಗಳು ಬಂದರೆ ಸಾಕು.

ಬೀಗದ ಕೈಗೊಂಚಲು

ಇಲ್ಲಿ ಒಂದು ಸ್ವಾಭಾವಿಕವಾದ ಯೋಚನೆ ಬರುತ್ತದೆ. ಯುನಿಕ್ಸಿನಂಥ ಸಾಮೂಹಿಕ ವ್ಯವಸ್ಥೆಯ ಕಾವಲನ್ನು ಮನೆಯ ಗಣಕಕ್ಕೂ ತಂದುಬಿಟ್ಟರೆ ತೊಂದರೆ ತೀರಿತಲ್ಲವೆ? ನಡೆದದ್ದೂ ಹಾಗೆಯೇ. 1993ರಲ್ಲಿ ಕಚೇರಿಗಳಿಗಾಗಿ ಬಂದ ವಿಂಡೋಸ್ ಎನ್‌ಟಿಯಲ್ಲಿ ಇಂಥ ರಕ್ಷಣೆ ಇತ್ತು. 2001ರಲ್ಲಿ ಅದರ ಸಂತತಿಯಾದ ಎಕ್ಸ್‌ಪಿ ಮನೆಗಳಿಗೂ ಬಂತು. ಆದರೂ ಉಪದ್ರವ ನಿಲ್ಲಲಿಲ್ಲ. ಮನೆಯವರು ಬಹುಮಟ್ಟಿಗೆ ವ್ಯವಸ್ಥಾಪಕನ ಹೆಸರಿನಲ್ಲಿಯೇ ದಿನವೆಲ್ಲ ಕೆಲಸ ಮಾಡುತ್ತಿದ್ದುದು ಒಂದು ಕಾರಣ. ಅದಕ್ಕಿಂತ ಆಳವಾದ ಕಾರಣವೊಂದುಂಟು. ಈ ಅಧ್ಯಾಯದ ತಿರುಳು ಅದೇ.

ಯಾವ ತಂತ್ರಾಂಶವೇ ಆಗಲಿ ಕಡತವೊಂದನ್ನು ತೆರೆಯಬೇಕಾದರೆ ಕಾರ್ಯಾಚರಣ ವ್ಯವಸ್ಥೆಯನ್ನು ಕೇಳಬೇಕು. ಆಗ ವ್ಯವಸ್ಥೆಯು ನೋಡುವುದು ಒಂದೇ ವಿಷಯವನ್ನು: ಈ ತಂತ್ರಾಂಶವು ಯಾರ ಹೆಸರಿನಲ್ಲಿ ನಡೆಯುತ್ತಿದೆ? ಅದು ಯಾವ ತಂತ್ರಾಂಶ, ಯಾರು ಬರೆದದ್ದು, ಯಾವ ಕೆಲಸಕ್ಕೆಂದು ತಂದದ್ದು ಎಂಬುದನ್ನು ಆ ಹಳೆಯ ಕ್ರಮವು ವಿಚಾರಿಸುವುದಿಲ್ಲ. ನೀವು ಒಂದು ಆಟದ ತಂತ್ರಾಂಶವನ್ನು ತೆರೆದರೆ ಅದು ನಿಮ್ಮ ಸಂಖ್ಯೆಯನ್ನು ಧರಿಸಿ ನಡೆಯುತ್ತದೆ. ನೀವು ಓದಬಹುದಾದ ಪತ್ರಗಳನ್ನೆಲ್ಲ ಅದು ಓದಬಹುದು, ನೀವು ಅಳಿಸಬಹುದಾದ ಚಿತ್ರಗಳನ್ನೆಲ್ಲ ಅದು ಅಳಿಸಬಹುದು. ಮದುವೆಯ ಮನೆಯಲ್ಲಿ ಅಡುಗೆಯವರು ಉಗ್ರಾಣದಿಂದ ಬೆಲ್ಲ ಬೇಕೆಂದಾಗ, ಯಜಮಾನಿತಿಯು ಉಗ್ರಾಣದ ಬೀಗದ ಕೈಯೊಂದನ್ನೇ ಬಿಡಿಸಿಕೊಡದೆ, ಸೊಂಟಕ್ಕೆ ಸಿಕ್ಕಿಸಿದ್ದ ಗೊಂಚಲನ್ನು ಹಾಗೆಯೇ ಕೊಟ್ಟುಬಿಟ್ಟಂತೆ ಇದು: ಅಡುಗೆಯವರು ಸಜ್ಜನರಾದರೆ ಬೆಲ್ಲವಷ್ಟೇ ಹೊರಗೆ ಬರುತ್ತದೆ, ಆದರೆ ಒಡವೆಯ ಪೆಟ್ಟಿಗೆಯನ್ನು ಕಾಯುತ್ತಿರುವುದು ಆಗ ಬೀಗವಲ್ಲ, ಅವರ ಸಜ್ಜನಿಕೆ. ಸಾಮೂಹಿಕ ಗಣಕದ ಕಾವಲು ಒಂದು ಮನೆಯವರ ಗೊಂಚಲು ಮತ್ತೊಂದು ಮನೆಯ ಬೀಗವನ್ನು ತೆರೆಯದಂತೆ ನೋಡಿಕೊಳ್ಳುತ್ತದೆ. ಗೊಂಚಲನ್ನು ಕೈಯಲ್ಲಿ ಹಿಡಿದವರು ಯಾರೆಂದು ನೋಡುವುದಿಲ್ಲ.

2000ದ ಮೇ 4ರಂದು ಲೋಕವನ್ನೆಲ್ಲ ಕಂಗೆಡಿಸಿದ ‘ಐ ಲವ್ ಯು’ ಎಂಬ ಈಮೇಲನ್ನು ಈ ದೃಷ್ಟಿಯಿಂದ ನೋಡಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಫಿಲಿಪ್ಪೀನ್ಸಿನಿಂದ ಹೊರಟ ಆ ಈಮೇಲಿಗೆ ಪ್ರೇಮಪತ್ರವೆಂಬ ಹೆಸರಿನ ಕಡತವೊಂದು ಲಗತ್ತಾಗಿತ್ತು. ಹೆಸರಿನ ತುದಿಯಲ್ಲಿ ಮೊದಲು ‘ಟಿಎಕ್ಸ್‌ಟಿ’ ಎಂದೂ ಅದರಾಚೆ ‘ವಿಬಿಎಸ್’ ಎಂದೂ ಇತ್ತು. ತನಗೆ ಪರಿಚಿತವಾದ ಕೊನೆಯ ಭಾಗವನ್ನು ಮರೆಮಾಡುವ ಪದ್ಧತಿ ವಿಂಡೋಸಿಗೆ ಇದ್ದುದರಿಂದ, ಅದು ನಿರಪಾಯವಾದ ಬರೆಹದಂತೆ ಕಾಣುತ್ತಿತ್ತು, ನಿಜವಾಗಿ ಅದು ಆಜ್ಞೆಗಳ ಸರಣಿ. ತೆರೆದೊಡನೆ ಅದು ಒಡೆಯನ ವಿಳಾಸಪುಸ್ತಕದಲ್ಲಿದ್ದ ಎಲ್ಲರಿಗೂ ತನ್ನ ಪ್ರತಿಯನ್ನು ಕಳುಹಿಸಿತು. ಅವನ ಚಿತ್ರಗಳ ಮೇಲೆ ತನ್ನನ್ನೇ ಬರೆದು ಅವನ್ನು ನಾಶಮಾಡಿತು. ವಿಳಾಸಪುಸ್ತಕವನ್ನು ನೋಡುವುದು, ಈಮೇಲ್ ಕಳುಹಿಸುವುದು, ತನ್ನ ಚಿತ್ರವನ್ನು ಅಳಿಸುವುದು ಇವೆಲ್ಲ ಒಡೆಯನ ನ್ಯಾಯಬದ್ಧವಾದ ಹಕ್ಕುಗಳೇ. ಇವುಗಳಲ್ಲಿ ಯಾವುದಕ್ಕೂ ವ್ಯವಸ್ಥಾಪಕನ ಅಧಿಕಾರ ಬೇಕಾಗಿರಲಿಲ್ಲ. ಅತ್ಯಂತ ಕಟ್ಟುನಿಟ್ಟಾದ ಸಾಮೂಹಿಕ ವ್ಯವಸ್ಥೆಯೂ, ಕೇವಲ ಹೆಸರನ್ನು ನೋಡಿ ನಿರ್ಣಯಿಸುವುದಾದರೆ, ಇಷ್ಟನ್ನು ತಡೆಯುತ್ತಿರಲಿಲ್ಲ.

ಬೆಲೆಯುಳ್ಳದ್ದು ಯಾವುದು?

ಸಾಮೂಹಿಕ ಗಣಕದಲ್ಲಿ ಅತ್ಯಮೂಲ್ಯವಾದದ್ದು ವ್ಯವಸ್ಥೆಯೇ, ಏಕೆಂದರೆ ನೂರಾರು ಜನರ ಕೆಲಸ ಅದನ್ನು ಆಶ್ರಯಿಸಿದೆ. ಒಬ್ಬನ ಕಡತಗಳು ಹಾಳಾದರೆ ನಷ್ಟ ಒಬ್ಬನಿಗೆ. ಮನೆಯಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ. ಇಲ್ಲಿ ವ್ಯವಸ್ಥೆ ಕೆಟ್ಟರೆ ಒಂದು ಗಂಟೆಯಲ್ಲಿ ಪುನಃ ಸ್ಥಾಪಿಸಬಹುದು. ಮಗುವಿನ ಮೊದಲ ವರ್ಷದ ಚಿತ್ರಗಳನ್ನೂ, ಅರ್ಧ ಬರೆದ ಪ್ರಬಂಧವನ್ನೂ, ಅಂಗಡಿಯ ಹತ್ತು ವರ್ಷದ ಲೆಕ್ಕವನ್ನೂ ಪುನಃ ಸ್ಥಾಪಿಸಲಾಗದು. 2007ರಲ್ಲಿ ವಿಂಡೋಸ್ ವಿಸ್ಟಾದೊಂದಿಗೆ ಮನೆಗಳಿಗೆ ಬಂದ, ಪರದೆಯನ್ನು ಮಬ್ಬಾಗಿಸಿ ಸಮ್ಮತಿ ಕೇಳುವ ಆ ಪ್ರಶ್ನೆ ಕಾಯುತ್ತಿರುವುದು ವ್ಯವಸ್ಥೆಯನ್ನು. ತಂತ್ರಾಂಶವೊಂದು ನಿಮ್ಮ ಚಿತ್ರಗಳನ್ನು ತೆರೆಯುವಾಗ ಅಂಥ ಪ್ರಶ್ನೆ ಬರುವುದಿಲ್ಲ. ಕಡತಗಳನ್ನೆಲ್ಲ ಗೂಢಲಿಪಿಗೆ ತಿರುಗಿಸಿ ಬಿಡುಗಡೆಗೆ ಹಣ ಕೇಳುವ ರಾನ್ಸಂವೇರ್ ಎಂಬ ದುಷ್ಟ ತಂತ್ರಾಂಶಗಳು ಮನೆಗಳಲ್ಲಿಯೂ ಸಣ್ಣ ಕಚೇರಿಗಳಲ್ಲಿಯೂ ಇಷ್ಟು ಫಲಪ್ರದವಾದದ್ದು ಇದರಿಂದಲೇ: ಅವು ಒಡೆಯನ ಹೆಸರಿನಲ್ಲಿಯೇ ಒಡೆಯನ ಕಡತಗಳನ್ನು ತಿದ್ದುತ್ತವೆ.

ಹಳೆಯ ಉಪಾಯದ ಹೊಸ ಪ್ರಯೋಗ

ಇದಕ್ಕೆ ಪರಿಹಾರವೇನೆಂಬುದು ಬಹಳ ಹಿಂದೆಯೇ ತಿಳಿದಿತ್ತು. 1975ರಲ್ಲಿ ಎಂಐಟಿಯ ಜೆರೋಮ್ ಸಾಲ್ಟ್‌ಜರ್ ಮತ್ತು ಮೈಕೇಲ್ ಷ್ರೋಡರ್ ಗಣಕರಕ್ಷಣೆಯ ತತ್ತ್ವಗಳನ್ನು ನಿರೂಪಿಸಿದ ಪ್ರಬಂಧದಲ್ಲಿ, ಬಳಕೆದಾರನಿಗಷ್ಟೇ ಅಲ್ಲದೆ ಪ್ರತಿಯೊಂದು ತಂತ್ರಾಂಶಕ್ಕೂ ಅದರ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅಧಿಕಾರವಿರಬೇಕು ಎಂದರು. ಇದನ್ನು ಕನಿಷ್ಠಾಧಿಕಾರದ ತತ್ತ್ವವೆಂದು ಕರೆಯಬಹುದು. ಆಲ್ಟೇರ್ ಎಂಬ ಸಣ್ಣ ಗಣಕದ ಮೂಲಕ ಮನೆಯ ಗಣಕದ ಯುಗವು ಆರಂಭವಾದದ್ದೂ ಅದೇ ವರ್ಷ. ಆದರೆ ಆ ತತ್ತ್ವವು ಜನಸಾಮಾನ್ಯರ ಕೈಸೇರಲು ಮೂವತ್ತಮೂರು ವರ್ಷ ಹಿಡಿಯಿತು.

ಕೈಸೇರಿದ್ದು ಮೊಬೈಲಿನ ರೂಪದಲ್ಲಿ. 2008ರಲ್ಲಿ ಬಂದ ಆ್ಯಂಡ್ರಾಯ್ಡ್ ಫೋನಿನ ಒಡಲಲ್ಲಿರುವುದು ಯುನಿಕ್ಸಿನ ಮಾದರಿಯಲ್ಲಿ ರಚಿತವಾದ ಲಿನಕ್ಸ್. ಬಳಕೆದಾರರನ್ನು ಸಂಖ್ಯೆಗಳಿಂದ ಬೇರ್ಪಡಿಸುವ ಹಳೆಯ ಏರ್ಪಾಡು ಅದರಲ್ಲಿ ಸಿದ್ಧವಾಗಿತ್ತು. ಫೋನಾದರೋ ಒಬ್ಬನದೇ. ಆ್ಯಂಡ್ರಾಯ್ಡನ್ನು ರೂಪಿಸಿದವರು ಆ ಸಂಖ್ಯೆಗಳನ್ನು ಮನುಷ್ಯರಿಗೆ ಕೊಡದೆ ಆ್ಯಪ್‌ಗಳಿಗೆ ಕೊಟ್ಟರು: 10000ದಿಂದ ಮೊದಲಾಗಿ ಪ್ರತಿ ಆ್ಯಪ್‌ಗೂ ಒಂದೊಂದು ಸಂಖ್ಯೆ, ಒಂದೊಂದು ಪ್ರತ್ಯೇಕ ಕಡತಕೋಶ. ಹೀಗಾಗಿ ನಿಮ್ಮ ಬ್ಯಾಂಕಿನ ಆ್ಯಪ್ ಮತ್ತು ನೀವು ನಿನ್ನೆ ತಂದ ಆಟದ ಆ್ಯಪ್, ಎಂಐಟಿಯ ಯಂತ್ರವನ್ನು ಹಂಚಿಕೊಂಡಿದ್ದ ಇಬ್ಬರು ಅಪರಿಚಿತರಂತೆ, ಒಂದರ ಕಡತ ಇನ್ನೊಂದಕ್ಕೆ ಕಾಣದೆ ಒಂದೇ ಫೋನಿನಲ್ಲಿ ವಾಸಿಸುತ್ತವೆ. ಕ್ಯಾಮೆರಾ, ಸಂಪರ್ಕಗಳ ಪಟ್ಟಿ, ಎಸ್‌ಎಂಎಸ್ ಇವು ಬೇಕಾದರೆ ಆ್ಯಪ್ ಬೇರೆಬೇರೆಯಾಗಿ ಬೇಡಬೇಕು. 2015ರ ಅನಂತರದ ಆವೃತ್ತಿಗಳಲ್ಲಿ, ಬೇಕಾದ ಸಮಯದಲ್ಲಿಯೇ ಬೇಡಬೇಕು. ಸಾಮೂಹಿಕ ಗಣಕದ ಕಾವಲನ್ನು ಒಬ್ಬನ ಗಣಕಕ್ಕೆ ತರುವ ಸರಿಯಾದ ವಿಧಾನ ಇದೇ ಎಂದು ನಾನು ನಂಬುತ್ತೇನೆ. ಜಾಲತಾಣಗಳನ್ನು ತೋರಿಸುವ ಬ್ರೌಸರಿನೊಳಗೂ ಇಂಥದೇ ಏರ್ಪಾಡುಂಟು, ಏಕೆಂದರೆ ನಾವು ತೆರೆಯುವ ಪುಟಗಳಲ್ಲಿ ಬಹುಪಾಲು ಅಪರಿಚಿತನೊಬ್ಬನ ಆಜ್ಞೆಗಳನ್ನು ತಂದು ನಮ್ಮ ಯಂತ್ರದಲ್ಲಿ ನಡೆಸುತ್ತವೆ.

ಆದರೆ ಈ ಕ್ರಮದಲ್ಲಿ ಕೊನೆಯ ನಿರ್ಣಯ ಒಡೆಯನದೇ. ನಮ್ಮ ನಾಡಿನಲ್ಲಿ ಈಚೆಗೆ ಮದುವೆಯ ಆಮಂತ್ರಣವೆಂಬ ಹೆಸರಿನಲ್ಲಿ ವಾಟ್ಸ್ಆ್ಯಪ್‌ನಲ್ಲಿ ಬರುತ್ತಿರುವ ಎಪಿಕೆ ಕಡತಗಳನ್ನು ನೋಡಿ. ಎಪಿಕೆ ಎಂದರೆ ಚಿತ್ರವಲ್ಲ, ಪತ್ರವಲ್ಲ, ಅದೊಂದು ಆ್ಯಪ್. ಅದನ್ನು ಒತ್ತಿದಾಗ ಫೋನು ಮೊದಲು ಎಚ್ಚರಿಸುತ್ತದೆ. ಅನಂತರ ಎಸ್‌ಎಂಎಸ್ ಓದುವ ಅನುಮತಿಯನ್ನು ಕೇಳುತ್ತದೆ. ಲಗ್ನಪತ್ರಿಕೆಗೆ ನಿಮ್ಮ ಎಸ್‌ಎಂಎಸ್ ಓದುವ ಅಗತ್ಯವೇನು? ಬ್ಯಾಂಕಿನ ಒಟಿಪಿ ಬರುವುದು ಅಲ್ಲಿಗೇ ಎಂಬುದೇ ಉತ್ತರ. ಯಂತ್ರವು ಆ ಒಂದು ಬೀಗದ ಕೈಯನ್ನು ಬೇರ್ಪಡಿಸಿ ನಿಮ್ಮ ಮುಂದೆ ಹಿಡಿದಿರುತ್ತದೆ. ‘ಅನುಮತಿಸಿ’ ಎಂದು ಒತ್ತಿದವರಿಗೆ ಅದು ಇನ್ನೇನೂ ಸಹಾಯ ಮಾಡಲಾರದು.

ಮನೆಗೆ ಎಷ್ಟು ಬೇಕು?

ಮೇಜಿನ ಮೇಲಿನ ಗಣಕಗಳು ಈ ವಿಷಯದಲ್ಲಿ ಫೋನಿಗಿಂತ ಹಿಂದಿವೆ. ಅಲ್ಲಿ ಸಾಮಾನ್ಯ ತಂತ್ರಾಂಶವು ಈಗಲೂ ಬಹುಮಟ್ಟಿಗೆ ಒಡೆಯನ ಕಡತಗಳನ್ನೆಲ್ಲ ಮುಟ್ಟಬಲ್ಲುದು. 2017ರಿಂದ ವಿಂಡೋಸಿನಲ್ಲಿ, ಅಪರಿಚಿತ ತಂತ್ರಾಂಶಗಳು ಮುಖ್ಯ ಕಡತಕೋಶಗಳನ್ನು ತಿದ್ದದಂತೆ ತಡೆಯುವ ‘ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್’ ಎಂಬ ಸೌಲಭ್ಯವಿದೆ, ಆದರೆ ಅದನ್ನು ನಾವೇ ಚಾಲನೆಗೊಳಿಸಬೇಕು.

ಸಾಮೂಹಿಕ ಗಣಕಕ್ಕೆ ಅಷ್ಟಾಗಿ ಬೇಡದ, ಮನೆಯ ಗಣಕಕ್ಕೆ ಬೇಕಾದ ರಕ್ಷಣೆಯೂ ಒಂದುಂಟು. ಯಂತ್ರಾಗಾರದ ಗಣಕವನ್ನು ಯಾರೂ ಬಗಲಲ್ಲಿಟ್ಟುಕೊಂಡು ಹೋಗಲಾರರು. ಲ್ಯಾಪ್‌ಟಾಪನ್ನು ಬಸ್ಸಿನಲ್ಲಿ ಮರೆತುಬರಬಹುದು. ಕಡತದ ಮೇಲಿನ ಅನುಮತಿಯ ಗುರುತುಗಳನ್ನು ಗೌರವಿಸುವುದು ಆ ಯಂತ್ರದಲ್ಲಿ ನಡೆಯುತ್ತಿರುವ ವ್ಯವಸ್ಥೆ. ಡಿಸ್ಕನ್ನು ಬಿಚ್ಚಿ ಬೇರೊಂದು ಗಣಕಕ್ಕೆ ಜೋಡಿಸಿದರೆ ಆ ಗುರುತುಗಳನ್ನು ಕೇಳುವವರಿಲ್ಲ, ಪಾಸ್‌ವರ್ಡ್ ಎಷ್ಟು ಕಠಿಣವಾಗಿದ್ದರೂ ವ್ಯರ್ಥ. ಡಿಸ್ಕಿನಲ್ಲಿರುವುದನ್ನೆಲ್ಲ ಗೂಢಲಿಪಿಯಲ್ಲಿ ಇಡುವುದೊಂದೇ ಇದಕ್ಕೆ ಉಪಾಯ.

‘ನನ್ನ ಗಣಕದಲ್ಲಿ ಕದಿಯುವಂಥದು ಏನಿದೆ?’ ಎಂದು ಕೇಳುವವರಿಗೆ 2016ರ ಮಿರಾಯ್ ಎಂಬ ದುಷ್ಟ ತಂತ್ರಾಂಶದ ಪ್ರಕರಣವನ್ನು ನೆನಪಿಸಬೇಕು. ತಯಾರಕರು ಕೊಟ್ಟ ಪಾಸ್‌ವರ್ಡನ್ನೇ ಬದಲಿಸದೆ ಬಿಟ್ಟಿದ್ದ ಮನೆಗಳ ಕ್ಯಾಮೆರಾಗಳನ್ನೂ ರೌಟರುಗಳನ್ನೂ ಅದು ವಶಪಡಿಸಿಕೊಂಡಿತು. ಅಂಥ ಉಪಕರಣಗಳ ಸೈನ್ಯವು ಆ ವರ್ಷದ ಅಕ್ಟೋಬರ್ 21ರಂದು, ಜಾಲತಾಣಗಳ ವಿಳಾಸವನ್ನು ತಿಳಿಸುವ ಡೈನ್ ಎಂಬ ಸಂಸ್ಥೆಯ ಮೇಲೆ ಬಿದ್ದು, ಟ್ವಿಟರಿನಂಥ ದೊಡ್ಡ ತಾಣಗಳನ್ನು ಗಂಟೆಗಟ್ಟಲೆ ಅಲಭ್ಯಗೊಳಿಸಿತು. ಆ ಉಪಕರಣಗಳ ಒಡೆಯರಿಂದ ಕದ್ದದ್ದು ಏನೂ ಇಲ್ಲ. ಕೆಟ್ಟದ್ದು ಇತರರ ಕೆಲಸ.

ಇನ್ನು ಬಿಡಬಹುದಾದದ್ದು. ತಿಂಗಳು ತಿಂಗಳಿಗೆ ಪಾಸ್‌ವರ್ಡ್ ಬದಲಿಸುವ ನಿರ್ಬಂಧವು ಮನೆಗೆ ಬೇಡ. ಅಮೆರಿಕದ ಮಾನಕ ಸಂಸ್ಥೆಯಾದ ಎನ್‌ಐಎಸ್‌ಟಿ ಕಾರಣವಿಲ್ಲದೆ ಹೀಗೆ ಬದಲಿಸಹೇಳಬಾರದೆಂದು 2017ರಲ್ಲಿಯೇ ಸೂಚಿಸಿದೆ. ಒಬ್ಬರೇ ವಾಸಿಸುವ ಮನೆಯಲ್ಲಿ ಐದೈದು ನಿಮಿಷಕ್ಕೆ ಪರದೆಗೆ ಬೀಗ ಬೀಳುವುದೂ ಬೇಡ. ಸಾಮೂಹಿಕ ಗಣಕದೊಂದಿಗೆ ಒಬ್ಬ ಪಾಲಕನಿರುತ್ತಾನೆ. ಅವನು ಕಡತಗಳ ಪ್ರತಿಗಳನ್ನು ತಪ್ಪದೆ ತೆಗೆದಿಡುತ್ತಾನೆ, ದೋಷಗಳನ್ನು ಸರಿಪಡಿಸುವ ಅಪ್‌ಡೇಟುಗಳನ್ನು ಹಾಕುತ್ತಾನೆ. ಮನೆಯಲ್ಲಿ ಆ ಪಾಲಕನ ಸ್ಥಾನ ಖಾಲಿಯಾಗಿದೆ. ಅತಿ ದೊಡ್ಡ ಕೊರತೆ ಅದೇ.

ಆದುದರಿಂದ ಓದುಗರಲ್ಲಿ ನನ್ನ ಬಿನ್ನಹವಿಷ್ಟು. ದಿನನಿತ್ಯದ ಕೆಲಸಕ್ಕೆ ವ್ಯವಸ್ಥಾಪಕನದಲ್ಲದ ಸಾಮಾನ್ಯ ಖಾತೆಯೊಂದನ್ನು ಇಟ್ಟುಕೊಳ್ಳಿ. ಅಪ್‌ಡೇಟುಗಳನ್ನು ಮುಂದೂಡಬೇಡಿ. ಕಳೆದುಕೊಳ್ಳಲಾಗದ ಕಡತಗಳ ಪ್ರತಿಯನ್ನು ಪ್ರತ್ಯೇಕ ಡಿಸ್ಕಿನಲ್ಲಿ ತೆಗೆದು, ಆ ಡಿಸ್ಕನ್ನು ಗಣಕದಿಂದ ಬಿಡಿಸಿ ಇಡಿ. ಜೋಡಿಸಿಯೇ ಇಟ್ಟ ಡಿಸ್ಕನ್ನು ರಾನ್ಸಂವೇರ್ ಮುಟ್ಟಬಲ್ಲುದು. ಇಷ್ಟಾಗಿಯೂ ಖಾತೆಯಿಂದ ಹಣ ಹೋದರೆ ಸಂಕೋಚಪಟ್ಟು ಕಾಲಹರಣ ಮಾಡದೆ ಕೂಡಲೇ ಸೈಬರ್ ಅಪರಾಧಗಳ ಸಹಾಯವಾಣಿಯಾದ 1930ಕ್ಕೆ ಕರೆಮಾಡಿ. ಹಣವು ಮುಂದಿನ ಖಾತೆಗಳಿಗೆ ಸಾಗುವ ಮೊದಲೇ ಅದನ್ನು ತಡೆಹಿಡಿಯುವ ಏರ್ಪಾಡು ಅಲ್ಲಿದೆ.